ಮೇಲಧಿಕಾರಿಗಳ ಮೂಲಕ ಹನ್ನೊಂದು ದಿನ

ಫೋನ್ ನಂಬರು ನನಗೆ ಮೊದಲ ದಿನವೇ ಸಿಕ್ಕಿತ್ತು, ಹನ್ನೊಂದೂವರೆಯ ಟೀ ಬರುವುದಕ್ಕೆ ಮುಂಚೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದಿನದನ್ನು ಓದುವವರಿಗೆ ಇದು ನೆನಪಿರಬೇಕು.

ಆಗ ನಾನು ಮಾಗಡಿಯ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದೆ. ಚನ್ನಪಟ್ಟಣ, ಕನಕಪುರಗಳಲ್ಲಿ ಬಹಳ ವರ್ಷ ಕೆಲಸ ಮಾಡಿ, ನಿವೃತ್ತಿಗೆ ಎರಡು ವರ್ಷ ಉಳಿದಿರುವಾಗ ಇಲ್ಲಿಗೆ ವರ್ಗವಾಗಿ ಬಂದಿದ್ದೆ. ಮನೆ ರಾಮನಗರದಲ್ಲಿ. ಮಾಗಡಿಗೆ ರೈಲಿಲ್ಲ, ಬೆಳಿಗ್ಗೆ ಬಸ್ಸು, ಸಂಜೆ ಬಸ್ಸು. ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡಿಸುವ ಕೆಲಸ ಶುರುವಾದಾಗ ಅದು ನನ್ನ ಮೇಜಿಗೇ ಬಂತು. ಓರೆಯಾಗಿ ಬರೆದ ಹಳೆಯ ಕಾಲದ ಇಂಗ್ಲಿಷನ್ನು ಕೂತು ಓದುವ ತಾಳ್ಮೆ ಅಲ್ಲಿ ಬೇರೆ ಯಾರಿಗೂ ಇರಲಿಲ್ಲ.

ಆ ಕಡತಗಳಲ್ಲಿ ಒಂದು ಅಮಲ್ದಾರರ ಕಾಲದ್ದು. ಈಗಿನ ತಹಸೀಲ್ದಾರರ ಜಾಗದಲ್ಲಿ ಆಗ ಅಮಲ್ದಾರರಿದ್ದರು. ಊರಿನ ಹೊರಗಿನ ಛತ್ರವೊಂದರಲ್ಲಿ ಯೂರೋಪಿಯನ್ ಒಬ್ಬ ಬಂದು ಬಿದ್ದಿದ್ದಾನೆ, ಕಾಲಿಗೆ ಬೂಟಿಲ್ಲ, ಜ್ವರ ಇದೆ, ಕುದುರೆ ವ್ಯಾಪಾರಿಯ ಜೊತೆ ಬಂದವನು, ವ್ಯಾಪಾರಿ ಬಿಟ್ಟುಹೋಗಿದ್ದಾನೆ ಎಂದು ಮೊದಲ ಹಾಳೆಯಲ್ಲಿತ್ತು. ಅಂಥವರು ಆ ಕಾಲದಲ್ಲಿ ಕಡಿಮೆ ಇರಲಿಲ್ಲವೆಂದು ಆ ಕಡತ ಓದಿದ ಮೇಲೆ ನನಗೆ ತಿಳಿಯಿತು. ಆಳುವವರ ಬಣ್ಣದವನೊಬ್ಬ ಆಳಿಸಿಕೊಳ್ಳುವವರ ಮುಂದೆ ಕೈಚಾಚಿ ಕೂರುವುದು ಸರ್ಕಾರಕ್ಕೆ ಮುಜುಗರದ ಸಂಗತಿ. ಅಂಥವರನ್ನು ಹಿಡಿದಿಡಲು, ಹಡಗು ಹತ್ತಿಸಿ ಕಳಿಸಲು ಕಾಯ್ದೆಯೇ ಇತ್ತಂತೆ. ಆದರೆ ಇವನು ಯಾರ ಹೊಣೆ? ಬ್ರಿಟಿಷ್ ಪ್ರಜೆಯಾದರೆ ಒಬ್ಬರದು, ಬೇರೆ ದೇಶದವನಾದರೆ ಇನ್ನೊಬ್ಬರದು, ಕರೆತಂದ ವ್ಯಾಪಾರಿ ಸಿಕ್ಕಿದರೆ ಅವನದು. ಅಮಲ್ದಾರರು ತಮ್ಮ ಮನೆಯಿಂದ ಗಂಜಿ ಕಳಿಸುತ್ತ, ಈ ಪ್ರಶ್ನೆಯನ್ನು ನೇರವಾಗಿ ಬೆಂಗಳೂರಿನ ಬ್ರಿಟಿಷ್ ರೆಸಿಡೆಂಟರ ಕಚೇರಿಗೇ ಬರೆದು ಕೇಳಿದ್ದರು. ಉತ್ತರ ಅಮಲ್ದಾರರಿಗೆ ಬರಲಿಲ್ಲ, ಅವರ ಮೇಲಧಿಕಾರಿಗೆ ಬಂತು. ನಿಮ್ಮ ಕೈಕೆಳಗಿನವರು ನಮಗೆ ನೇರವಾಗಿ ಬರೆದದ್ದು ಹೇಗೆ, ಎಂದು.

ಅಲ್ಲಿಂದ ಮುಂದಿನ ಹಾಳೆಗಳೆಲ್ಲ ಅದರ ಮೇಲೆಯೇ. ವಿವರಣೆ, ವಿವರಣೆಗೆ ಆಕ್ಷೇಪ, ಮತ್ತೆ ವಿವರಣೆ. ಕೊನೆಯ ಹಾಳೆಯಲ್ಲಿ ಅಮಲ್ದಾರರು ಕ್ಷಮೆ ಕೇಳಿದ್ದರು. ಛತ್ರದಲ್ಲಿದ್ದವನು ಮೂರನೆಯ ಹಾಳೆಯ ಆಚೆಗೆ ಎಲ್ಲೂ ಇಲ್ಲ. ಸತ್ತನೋ, ಎದ್ದು ಹೋದನೋ, ಹಡಗು ಹತ್ತಿದನೋ, ಯಾರೂ ಬರೆದಿಲ್ಲ.

ಮಧ್ಯಾಹ್ನ ಡಬ್ಬಿ ಬಿಚ್ಚುವಾಗ ಇದನ್ನು ನಾನು ತಮಾಷೆಯ ಕಥೆಯಂತೆ ಎಲ್ಲರಿಗೂ ಹೇಳಿದೆ. ಎಲ್ಲರೂ ನಕ್ಕರು. ಆ ಕಡತದಲ್ಲಿ ನಾನು ಹುಡುಕಬೇಕಾಗಿದ್ದದ್ದು ಕಾಣೆಯಾದವನನ್ನು. ನನ್ನ ಮನಸ್ಸಿನಲ್ಲಿ ಉಳಿದದ್ದು ಬೈಸಿಕೊಂಡ ಅಮಲ್ದಾರರು.

ಇದಾಗಿ ಎರಡೋ ಮೂರೋ ತಿಂಗಳಿಗೆ, ಒಂದು ಮಂಗಳವಾರ ಬೆಳಿಗ್ಗೆ, ಕಲ್ಯದ ರೈತರೊಬ್ಬರು ತಮ್ಮ ಗೂಡ್ಸ್ ಆಟೋವನ್ನು ಕಚೇರಿಯ ಕಾಂಪೌಂಡಿನೊಳಕ್ಕೇ ತಂದು ನಿಲ್ಲಿಸಿದರು. ಪಹಣಿ, ಪೋಡಿ ಎಂದು ಜಮೀನಿನ ಕಾಗದಗಳಿಗಾಗಿ ಬಂದುಹೋಗುತ್ತಿದ್ದವರು, ನನಗೆ ಪರಿಚಯ. ಹಣೆಯಲ್ಲಿ ಅಡ್ಡ ವಿಭೂತಿ, ಹೆಗಲ ಮೇಲೆ ಟವೆಲ್ಲು. ಆಟೋದ ಹಿಂದೆ ಎಳನೀರಿನ ರಾಶಿ. ರಾಶಿಯ ಪಕ್ಕದಲ್ಲಿ ಗೋಣಿಚೀಲದ ಮೇಲೆ ಕಾಲು ಚಾಚಿಕೊಂಡು ಬಿಳಿಯ ಮನುಷ್ಯನೊಬ್ಬ ಕೂತಿದ್ದ. ಅರವತ್ತು ದಾಟಿದ ವಯಸ್ಸು.

ನಮ್ಮ ಅಟೆಂಡರು ಬಾಗಿಲಲ್ಲೇ ಕೂಗಿದ. "ಏನ್ಲಾ, ಎಳನೀರ್ ಜೊತೆ ದೊರೆನೂ ಲೋಡ್ ಮಾಡ್ಕಂಡ್ ಬಂದ್ಬುಟ್ಟಿದ್ದೀಯ?"

"ದೊರೆ ಆಗಿದ್ರೆ ನಮ್ಮ ಜಗ್ಲಿ ಮ್ಯಾಲೆ ಯಾಕ್ ಮಲಗ್ತಿದ್ದ ಕಣ್ಲಾ. ಮೂರ್ ದಿನ ಆಯ್ತು ಬಂದು. ಮುದ್ದೆ ನುಂಗಾದು ಕಲ್ತವ್ನೆ. ನಮ್ಮನೆಯೋಳ್ನ ಅಮ್ಮ ಅಂತವ್ನೆ. ಇನ್ನೊಂದ್ ವಾರ ಬುಟ್ರೆ ರೇಷನ್ ಕಾರ್ಡ್‌ಗೆ ಸೇರ್ಸಿ ಅಂತಾನೆ." ರೈತರು ನನ್ನ ಕಡೆ ತಿರುಗಿದರು. "ಅಕ್ಕಾವ್ರೇ, ಒಸಿ ಮಾತಾಡ್ಸಿ. ಅವನ ಕಡೆಯೋರು ಯಾರು ಅಂತ ಕೇಳಿ. ಕಾಲು ನೋಡಿ ಮೊದ್ಲು."

ನೋಡಿದೆ. ಎಡಗಾಲು ಪಾದದಿಂದ ಕಣಕಾಲಿನವರೆಗೆ ಬಾತುಕೊಂಡಿತ್ತು. ಹೆಬ್ಬೆರಳಿನ ಕೆಳಗೆ ಒಂದು ಗಾಯ, ಅದರ ಸುತ್ತ ಚರ್ಮ ಕಪ್ಪು ನೀಲಿ. ಬರುವ ದಾರಿಯಲ್ಲೇ ಆಸ್ಪತ್ರೆಗೆ ಹೋಗಿ ಗಾಯ ತೊಳೆಸಿ, ಮಾತ್ರೆ ತಂದಿದ್ದರು. ಸಕ್ಕರೆ ಕಾಯಿಲೆ ಇದೆ, ಕೂಡಲೇ ಬೆಂಗಳೂರಿಗೆ ಸೇರಿಸಬೇಕು ಎಂದು ವೈದ್ಯರು ಹೇಳಿದ್ದರು. ಮನುಷ್ಯ ಒಪ್ಪಿರಲಿಲ್ಲ. ವೀಸಾದ ಅವಧಿ ಮುಗಿದಿತ್ತು. ಆಸ್ಪತ್ರೆಗೆ ಸೇರಿದರೆ ಪೊಲೀಸರು ಬರುತ್ತಾರೆ ಎಂಬ ಭಯ.

ಅವನನ್ನು ಒಳಗೆ ಕೂರಿಸಿ ಹೇಳಿಕೆ ಬರೆದುಕೊಂಡೆ. ಅವನ ಇಂಗ್ಲಿಷ್ ನನ್ನದಕ್ಕಿಂತ ನಿಧಾನ, ಹಾಗಾಗಿ ನಮ್ಮಿಬ್ಬರಿಗೂ ಅನುಕೂಲವಾಯಿತು. ಯೂರೋಪಿನ ಒಂದು ಸಣ್ಣ ದೇಶದವನು. ಹೆಂಡತಿ ತೀರಿಕೊಂಡ ಮೇಲೆ ತಿರುಗಾಡಲು ಬಂದವನು. ಬಸ್ಸೊಂದರಲ್ಲಿ ಚೀಲ ಹೋಯಿತು. ಫೋನು, ಪಾಸ್‌ಪೋರ್ಟು, ಬ್ಯಾಂಕ್ ಕಾರ್ಡು ಎಲ್ಲ ಅದರಲ್ಲೇ. ಜೇಬಿನಲ್ಲಿ ಪಾಸ್‌ಪೋರ್ಟಿನ ಒಂದು ಜೆರಾಕ್ಸ್ ಉಳಿದಿತ್ತು. ನಾಚಿಕೆಯಿಂದ ಯಾರನ್ನೂ ಕೇಳದೆ ನಡೆದ. ಕಬ್ಬಾಳಿನ ದೇವಸ್ಥಾನದಲ್ಲಿ ಕೆಲವು ದಿನ ಊಟ ಸಿಕ್ಕಿತು. ಅಲ್ಲಿಂದ ಯಾರದೋ ಲಾರಿ, ಮತ್ತೆ ನಡಿಗೆ. ಎಲ್ಲೋ ಕಲ್ಲು ತಗುಲಿತು. ಒಬ್ಬಳು ಮಗಳಿದ್ದಾಳೆ, ಅವಳ ನಂಬರು ಫೋನಿನೊಳಗಿತ್ತು, ತಲೆಯೊಳಗಿರಲಿಲ್ಲ. ಅವಳು ಬಂದರೆ, ಅಥವಾ ತನ್ನ ದೇಶದವರು ಯಾರಾದರೂ ಬಂದರೆ, ಆಸ್ಪತ್ರೆಗೆ ಸೇರುತ್ತೇನೆ ಎಂದ. ಇದನ್ನು ಎರಡು ಸಲ ಹೇಳಿದ. ಎರಡು ಸಲವೂ ಬರೆದುಕೊಂಡೆ.

ಅವನು ನೀರು ಕುಡಿಯುತ್ತಿರುವಾಗ ನನ್ನ ಫೋನಿನಲ್ಲಿ ಹುಡುಕಿದೆ. ಅವನ ದೇಶದ ಕಾನ್ಸುಲೇಟು ಬೆಂಗಳೂರಿನಲ್ಲೇ ಇತ್ತು. ತೊಂದರೆಗೆ ಸಿಕ್ಕಿದ ಪ್ರಜೆಗಳಿಗಾಗಿ ಎಂದು ಬೇರೆಯೇ ಒಂದು ನಂಬರು ಕೊಟ್ಟಿದ್ದರು. ಹೇಳಿಕೆಯ ಮೊದಲ ಹಾಳೆಯ ಅಂಚಿನಲ್ಲಿ ಅದನ್ನು ಪೆನ್ಸಿಲಿನಿಂದ ಬರೆದುಕೊಂಡೆ.

ಸಾಹೇಬರ ಕೋಣೆಗೆ ಹೋದೆ. ನಮ್ಮ ಸಾಹೇಬರು ನನ್ನ ಮಗನ ವಯಸ್ಸಿನವರು, ಒಳ್ಳೆಯವರು. ಎಲ್ಲ ಕೇಳಿಸಿಕೊಂಡು, "ಅಮ್ಮ, ಅವರ ಕಾನ್ಸುಲೇಟ್‌ಗೆ ನೀವೇ ಒಂದು ಫೋನ್ ಮಾಡಿಬಿಡಿ ಅತ್ಲಾಗೆ" ಎಂದರು.

ಇಲ್ಲಿ ನಾನು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತೇನೆ. "ಬೇಡ ಸಾರ್. ಫಾರಿನ್ ಗೌರ್ಮೆಂಟು. ನಮ್ಮ ಲೆವೆಲ್‌ನಿಂದ ನೇರ ಮಾತಾಡಿದ್ರೆ ನಾಳೆ ನಿಮಗೇ ಕಾರಣ ಕೇಳಿ ನೋಟಿಸ್ ಬರುತ್ತೆ." ಅಷ್ಟಕ್ಕೇ ನಿಲ್ಲಿಸಲಿಲ್ಲ. ಅಮಲ್ದಾರರ ಕಥೆಯನ್ನು ಪೂರ್ತಿ ಹೇಳಿದೆ.

ಅವರು ನಕ್ಕರು. "ಅವತ್ತೂ ಹಿಂಗೇನಾ? ಸರಿ, ನೀವು ಸೀನಿಯರ್ರು. ಥ್ರೂ ಪ್ರಾಪರ್ ಚಾನೆಲ್ ಕಳಿಸಿ."

ಮೇಜಿಗೆ ಬಂದು ಪತ್ರ ಬರೆದೆ. ಮೇಲಧಿಕಾರಿಗಳ ಮೂಲಕ, ಅವರ ಮೇಲಿನವರ ಮೂಲಕ, ರಾಜಧಾನಿಗೆ. ಒಳ್ಳೆಯ ಪತ್ರ, ಉಲ್ಲೇಖ, ವಿಷಯ, ಅಡಕಗಳು, ಒಂದು ಅಕ್ಷರ ಹೆಚ್ಚು ಕಡಿಮೆ ಇಲ್ಲ. ಹೇಳಿಕೆಯನ್ನು ಸ್ಕ್ಯಾನ್ ಮಾಡುವ ಮೊದಲು ಅಂಚಿನಲ್ಲಿದ್ದ ಪೆನ್ಸಿಲಿನ ನಂಬರನ್ನು ರಬ್ಬರಿನಿಂದ ಅಳಿಸಿದೆ. ಅದು ಅಲ್ಲಿದ್ದರೆ, ಗೊತ್ತಿದ್ದೂ ಯಾಕೆ ಮಾಡಲಿಲ್ಲ ಎಂದು ಯಾರಾದರೂ ಕೇಳಬಹುದು ಎಂದು ಅಳಿಸಿದೆನೋ, ಕಡತ ಚೊಕ್ಕಟವಾಗಿರಲಿ ಎಂದು ಅಳಿಸಿದೆನೋ, ಎಷ್ಟು ಯೋಚಿಸಿದರೂ ಈಗ ಹೇಳಲಾರೆ. ಅಳಿಸಿದ್ದು ನಿಜ.

"ಎಷ್ಟ್ ದಿನ ಆಯ್ತದೆ ಅಕ್ಕಾವ್ರೇ?" ರೈತರು ಕೇಳಿದರು.

"ಎರಡು ಮೂರು ದಿನ."

"ಅಂಗಾರೆ ಅಲ್ಲಿಗಂಟ ನಮ್ಮನೇಲೇ ಇರ್ಲಿ. ಪಾಪ, ಎಲ್ಲಿ ವೋಯ್ತಾನೆ."

ಎರಡು ಮೂರು ದಿನ ಎಂದು ನನಗೆ ಯಾರೂ ಹೇಳಿರಲಿಲ್ಲ. ಬಾಯಿಗೆ ಬಂತು, ಹೇಳಿದೆ.

ನಾಲ್ಕನೆಯ ದಿನ ಮೇಲಿನಿಂದ ಒಂದು ಪ್ರಶ್ನೆ ಬಂತು: ಪಾಸ್‌ಪೋರ್ಟಿನ ಪ್ರತಿ ಮಸುಕಾಗಿದೆ, ಸ್ಪಷ್ಟ ಪ್ರತಿ ಕಳಿಸಿ. ಮತ್ತೆ ಸ್ಕ್ಯಾನ್ ಮಾಡಿ ಅಂದೇ ಕಳಿಸಿದೆ. ಏಳನೆಯ ದಿನ ಇನ್ನೊಂದು: ಹೇಳಿಕೆಗೆ ಇಬ್ಬರು ಸಾಕ್ಷಿಗಳ ಸಹಿ ಇಲ್ಲ. ಅದನ್ನೂ ಅಂದೇ ಮಾಡಿಸಿದೆ. ಕೇಳಿದವರು ಕೇಳಬೇಕಾದದ್ದನ್ನೇ ಕೇಳಿದ್ದರು, ಅವರನ್ನು ದೂರುವುದಿಲ್ಲ. ನನ್ನ ಮೇಜಿನಲ್ಲಿ ಒಂದು ಕಾಗದವೂ ಒಂದು ದಿನವೂ ನಿಲ್ಲಲಿಲ್ಲ ಎಂದು ನನಗೆ ಆಗ ಸಮಾಧಾನ ಇತ್ತು. ಹೆಮ್ಮೆ ಎಂದೇ ಬರೆಯಬೇಕು.

ರೈತರು ದಿನ ಬಿಟ್ಟು ದಿನ ಬರುತ್ತಿದ್ದರು.

"ಎಲ್ಲಿಗಂಟ ವೋಯ್ತು ಅಕ್ಕಾವ್ರೇ ಕಾಗ್ದ?"

"ಮೇಲಕ್ಕೆ ಹೋಗಿದೆ."

"ಎಷ್ಟ್ ಮ್ಯಾಲಕ್ಕೆ? ಸಾವನದುರ್ಗದ ತುದೀಗಾ? ಅಲ್ಲಿಂದ ಇಳಿಯಾಕೂ ಹೊತ್ತಾಯ್ತದೆ ಬುಡಿ." ಆಮೇಲೆ ನಗು ನಿಲ್ಲಿಸಿ, "ಕಾಲು ಒಸಿ ವಾಸ್ನೆ ಬತ್ತಾ ಐತೆ" ಎನ್ನುತ್ತಿದ್ದರು.

ಆರನೆಯ ದಿನ, ನಡುವಿನ ಭಾನುವಾರದಂದು, ನಾನು ಕಲ್ಯಕ್ಕೆ ಹೋಗಿದ್ದೆ. ಯಾರೂ ಕರೆದಿರಲಿಲ್ಲ. ಬ್ರೆಡ್ಡು, ಬಾಳೆಹಣ್ಣು ತೆಗೆದುಕೊಂಡು ಹೋಗಿದ್ದೆ. ಅವನು ಜಗಲಿಯ ಮೇಲೆ ಗೋಡೆಗೆ ಒರಗಿದ್ದ. ರೈತರ ಹೆಂಡತಿ ಕೆಳಗೆ ಕುಕ್ಕರಗಾಲಲ್ಲಿ ಕೂತು, ಉಪ್ಪು ಅರಿಶಿನದ ಬಿಸಿನೀರಿನಲ್ಲಿ ಆ ಕಾಲನ್ನು ತೊಳೆಯುತ್ತಿದ್ದರು. ಮುಖ ಒಂದಿಷ್ಟೂ ಸಿಂಡರಿಸಿರಲಿಲ್ಲ. "ಅಲ್ಲಾಡ್ಬ್ಯಾಡ ಸುಮ್ಕಿರು, ಎಳೆ ಮೊಗ ಆಡ್ದಂಗೆ ಆಡ್ತೀಯ" ಎಂದು ಅವನನ್ನು ಗದರಿಸುತ್ತಿದ್ದರು. ಅವನು ಅರ್ಥವಾದವನಂತೆ ತಲೆ ಆಡಿಸುತ್ತಿದ್ದ.

ನನ್ನನ್ನು ನೋಡಿ ಎದ್ದು ಕೂರಲು ಹೋದ. "ಮಗಳು?" ಎಂದು ಕೇಳಿದ.

ಪತ್ರ ಹೋಗಿದೆ ಎಂದೆ.

ಅವನು ಬಹಳ ವಿನಯದಿಂದ, ನನಗೆ ನೋವಾಗಬಾರದು ಎಂಬಂತೆ, "ಇಲ್ಲಿ ಟೆಲಿಫೋನ್ ಇಲ್ಲವೇ?" ಎಂದು ಕೇಳಿದ.

ನನ್ನ ಫೋನು ಬ್ಯಾಗಿನಲ್ಲಿತ್ತು. ಬ್ಯಾಗು ತೊಡೆಯ ಮೇಲಿತ್ತು. ಇದಕ್ಕೊಂದು ಕ್ರಮವಿದೆ, ಅದರಂತೆ ನಡೆಯುತ್ತಿದೆ ಎಂದು ಹೇಳಿದೆ. ಅವನು ಥ್ಯಾಂಕ್ಸ್ ಹೇಳಿದ.

ಹನ್ನೊಂದನೆಯ ದಿನ ಬೆಳಿಗ್ಗೆ ಅವನಿಗೆ ಜ್ವರ ಏರಿ ಮಾತು ತಪ್ಪಿತು. ರೈತರು ನನ್ನನ್ನು ಕೇಳಲು ಬರಲಿಲ್ಲ. ಆಟೋದಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಹೋದರು. ಅಲ್ಲಿಂದ ಆಂಬುಲೆನ್ಸಿನಲ್ಲಿ ಬೆಂಗಳೂರು. ಅಲ್ಲಿಯ ಆಸ್ಪತ್ರೆಯಲ್ಲಿ ರೋಗಿಗಳ ಕಡೆಯವರನ್ನು ಹುಡುಕಿಕೊಡುವ ಕೆಲಸದ ಹುಡುಗಿಯೊಬ್ಬಳು ಜೆರಾಕ್ಸ್ ನೋಡಿ, ಕಾನ್ಸುಲೇಟಿಗೆ ಫೋನ್ ಮಾಡಿದಳಂತೆ. ಮಧ್ಯಾಹ್ನದೊಳಗೆ ಅಲ್ಲಿಂದ ಒಬ್ಬರು ಬಂದರು. ಸಂಜೆಯ ಹೊತ್ತಿಗೆ ಮಗಳು ಫೋನಿನಲ್ಲಿ ಸಿಕ್ಕಿದಳು. ಮಾರನೆಯ ದಿನ ಕಾಲನ್ನು ಮೊಣಕಾಲಿನ ಕೆಳಗೆ ತೆಗೆದರು. ಒಂದು ವಾರ ಮೊದಲು ಬಂದಿದ್ದರೆ ಬಹುಶಃ ಬೆರಳುಗಳಲ್ಲೇ ಮುಗಿಯುತ್ತಿತ್ತು ಎಂದು ಅಲ್ಲಿನ ವೈದ್ಯರು ರೈತರಿಗೆ ಹೇಳಿದರು. ರೈತರು ಅದನ್ನು ನನಗೆ ಹೇಳಿದರು. "ಏನ್ ಮಾಡಾದು ಅಕ್ಕಾವ್ರೇ, ನೀವೂ ಎಷ್ಟು ಓಡಾಡಿದ್ರಿ" ಎಂದೂ ಸೇರಿಸಿದರು.

ನಾನು ಸುಮ್ಮನಿದ್ದೆ. ಆ ಸುಮ್ಮನಿರುವಿಕೆ ಮೂರು ತಿಂಗಳು ನಡೆಯಿತು.

ಮೂರು ತಿಂಗಳ ಮೇಲೆ ಮಗಳು ಬಂದಳು. ತಂದೆಯನ್ನು ಊರಿಗೆ ಕರೆದುಕೊಂಡು ಹೋಗಿ, ಕೃತಕ ಕಾಲಿನ ಅಭ್ಯಾಸಕ್ಕೆ ಬಿಟ್ಟು, ಅವನನ್ನು ನೋಡಿಕೊಂಡವರಿಗೆ ಕೃತಜ್ಞತೆ ಹೇಳಲೆಂದೇ ವಾಪಸು ಬಂದಿದ್ದಳು. ನಲವತ್ತರ ಹತ್ತಿರದ ಹೆಂಗಸು, ಗಿಡ್ಡ ಕೂದಲು, ಬಿಸಿಲಿಗೆ ಕೆಂಪಾದ ಮೂಗು. ರೈತರು ಅವಳನ್ನು ಬಸ್ ಸ್ಟ್ಯಾಂಡಿನಿಂದ ಆಟೋದಲ್ಲಿ ಕೂರಿಸಿಕೊಂಡು ಮೊದಲು ನನ್ನಲ್ಲಿಗೇ ಕರೆತಂದರು. ಆಮೇಲೆ ಮೂವರೂ ಕಲ್ಯಕ್ಕೆ ಊಟಕ್ಕೆ ಹೋಗುವುದೆಂದು ಮಾತಾಗಿತ್ತು.

ಅವಳು ನನ್ನ ಕೈಗೆ ಒಂದು ಉಣ್ಣೆಯ ಶಾಲು ಕೊಟ್ಟಳು, ತಂದೆ ಬರೆದ ಒಂದು ಕಾರ್ಡು ಕೊಟ್ಟಳು. ಕಾರ್ಡಿನಲ್ಲಿ ದೊಡ್ಡ ಅಕ್ಷರಗಳಲ್ಲಿ ನಾಲ್ಕು ಸಾಲು. ನಿಮ್ಮ ದೇಶದಲ್ಲಿ ನನ್ನ ಮಾತನ್ನು ಪೂರ್ತಿ ಕೂತು ಕೇಳಿ ಬರೆದುಕೊಂಡವರು ನೀವೊಬ್ಬರೇ, ಎಂದು.

ಅದನ್ನು ಓದಿದ ಮೇಲೆ ನನ್ನಿಂದ ಮುಚ್ಚಿಡಲಾಗಲಿಲ್ಲ. ಕಾಂಪೌಂಡಿನ ಹೊಂಗೆಮರದ ಕೆಳಗಿನ ಕಟ್ಟೆಯಲ್ಲಿ ಕೂತು, ನನಗೆ ಬರುವ ಇಂಗ್ಲಿಷಿನಲ್ಲಿ, ಒಂದೊಂದೇ ವಾಕ್ಯವಾಗಿ ಹೇಳಿದೆ. ನಂಬರು ಯಾವಾಗ ಸಿಕ್ಕಿತು. ಎಲ್ಲಿ ಬರೆದುಕೊಂಡೆ. ಸಾಹೇಬರು ಮಾಡಿ ಎಂದದ್ದು, ನಾನು ಬೇಡ ಎಂದದ್ದು. ಅಳಿಸಿದ್ದು.

ಮುಗಿದ ಮೇಲೆ ಅವಳು ಕೇಳಿದಳು: "ಫೋನ್ ಮಾಡಬಾರದು ಎಂದು ಕಾನೂನು ಇತ್ತೇ?"

"ಇರಲಿಲ್ಲ."

"ಹಾಗಾದರೆ ಯಾಕೆ?"

ಒಂದು ಕಾಲದಲ್ಲಿ ನಮ್ಮನ್ನು ಆಳಿದ ಬ್ರಿಟಿಷರ ಪದ್ಧತಿ ಎಂದು ಹೇಳಬಹುದಿತ್ತು. ಅವಳು ಬಹುಶಃ ಒಪ್ಪುತ್ತಲೂ ಇದ್ದಳು. ಆದರೆ ಆ ಕಾಲದ ಅಮಲ್ದಾರರೇ ನೇರವಾಗಿ ಬರೆದಿದ್ದರು. ಹೆದರಿಕೊಂಡವಳು ನಾನು. "ನನಗೆ ಅಭ್ಯಾಸವಿರಲಿಲ್ಲ" ಎಂದೆ. ಅದಕ್ಕಿಂತ ಹತ್ತಿರದ ಮಾತು ಈಗಲೂ ಸಿಕ್ಕಿಲ್ಲ. ಅವಳು ಮುಖ ಬೇರೆ ಕಡೆ ತಿರುಗಿಸಿಕೊಂಡಳು.

ಆಟೋದ ಪಕ್ಕ ನಿಂತಿದ್ದ ರೈತರು ಹತ್ತಿರ ಬಂದರು. "ಏನಂದ್ರಿ? ಯಾಕೆ ಅವಮ್ಮ ಅಂಗಾದ್ಲು?"

ಅವರಿಗೂ ಹೇಳಿದೆ. ಕನ್ನಡದಲ್ಲಿ ಅದು ಇನ್ನೂ ಚಿಕ್ಕದಾಯಿತು, ನಾಲ್ಕೇ ಮಾತು.

"ನಂಬರ್ ಇತ್ತಾ?"

"ಇತ್ತು."

"ನಾನ್ ಬಂದ್ ಬಂದ್ ಕೇಳ್ತಿದ್ನಲ್ಲ, ಅವಾಗೂ ಇತ್ತಾ?"

"ಇತ್ತು."

ಅವರು ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಬೆವರೇನೂ ಇರಲಿಲ್ಲ. "ನಂಗಾದ್ರೂ ಕೊಟ್ಟಿದ್ರೆ ನಾನೇ ಮಾಡ್ತಿದ್ನಲ್ಲ. ನಂಗ್ಯಾರು ನೋಟಿಸ್ ಕೊಡ್ತಾರೆ? ನಂದ್ಯಾವ ಚಾನೆಲ್ಲು?"

ಆ ಯೋಚನೆ ನನಗೆ ಒಂದು ಸಲವೂ ಬಂದಿರಲಿಲ್ಲ. ಹನ್ನೊಂದು ದಿನ ನಾನು ಮೇಲಕ್ಕೇ ನೋಡುತ್ತಿದ್ದೆ. ಮೇಜಿನ ಆಚೆ, ಎದುರಿಗೇ ನಿಂತು ಕೇಳುತ್ತಿದ್ದ ಮನುಷ್ಯನ ಜೇಬಿನಲ್ಲೂ ಒಂದು ಫೋನು ಇದೆ ಎಂದು ನನ್ನ ತಲೆಗೆ ಹೊಳೆದಿರಲಿಲ್ಲ.

ಊಟಕ್ಕೆ ನಾನು ಬರುವುದಿಲ್ಲ ಎಂದೆ. "ಅದೆಂಗಾಯ್ತದೆ, ಅಡುಗೆ ಮಾಡ್ಕಂಡ್ ಕುಂತವ್ಳೆ. ಹತ್ತಿ" ಎಂದರು.

ಕಲ್ಯದಲ್ಲಿ ಅವರ ಹೆಂಡತಿ ಬಾಗಿಲಿಗೆ ಬಂದು ಮಗಳ ಎರಡೂ ಕೈ ಹಿಡಿದುಕೊಂಡರು. "ಬಾರವ್ವ, ನಿಮ್ಮಪ್ಪ ಯೆಂಗವ್ನೆ? ಮುದ್ದೆ ತಿಂತಾನಾ ಅಲ್ಲೂ?" ಅದನ್ನು ನಾನು ಇಂಗ್ಲಿಷಿಗೆ ಮಾಡಿದೆ. ಮಗಳು ಅಳುತ್ತ ನಕ್ಕಳು. ಎಲೆ ಹಾಕಿದರು. ಮುದ್ದೆ, ಅವರೆಕಾಳಿನ ಸಾರು. ನನ್ನ ಎಲೆಗೆ ತುಪ್ಪ ಹೆಚ್ಚಾಗಿಯೇ ಬಿತ್ತು. ಎದುರಿಗೆ ಕೂತ ರೈತರು ಎಲೆ ಸರಿಮಾಡಿಕೊಳ್ಳುತ್ತ ತಲೆ ಎತ್ತಲಿಲ್ಲ. ಅವರು ಹೆಂಡತಿಗೆ ಹೇಳುವುದಿಲ್ಲ, ನಾನೇ ಹೇಳಲಿ ಎಂದು ಬಿಟ್ಟಿದ್ದಾರೆ ಎಂದು ನನಗೆ ತಿಳಿಯಿತು. ನಾನು ಹೇಳದೆ ಉಂಡು ಎದ್ದರೂ ಅವರು ಸುಮ್ಮನೇ ಇರುತ್ತಿದ್ದರು.

ಮುದ್ದೆ ಮುರಿಯುವ ಮೊದಲೇ ಹೇಳಿದೆ.

ಅವರ ಹೆಂಡತಿ ಸಾರಿನ ಸೌಟು ಹಿಡಿದು ನಿಂತೇ ಕೇಳಿಸಿಕೊಂಡರು. ಕೂಗಾಡಲಿಲ್ಲ. ಸೌಟನ್ನು ಪಾತ್ರೆಯೊಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ನನ್ನ ಎಲೆಯ ಮುಂದೆ ನೆಲದ ಮೇಲೆ ಕೂತರು.

"ಅಷ್ಟ್ ದಿನಾನೂ ಎದ್ದೇಟ್ಗೆ ನೀರ್ ಕಾಯಿಸಿ ಆ ಕಾಲ್ ತೊಳೀತಿದ್ದೆ ಕಣವ್ವ ನಾನು. ಮೊದ್ಲು ಬೆರಳು ಕಪ್ಪಗಾಯ್ತು, ಆಮ್ಯಾಲೆ ಪಾದ. ನಾನು ನೋಡ್ತಾ ಇದ್ದೆ." ಆಮೇಲೆ, "ಅದೇ ಹೊತ್ನಲ್ಲಿ ನೀನೇನ್ ಮಾಡ್ತಿದ್ದೆ, ಯೋಳು ಒಸಿ. ದಿನಾ ದಿನದ್ದೂ ಯೋಳು" ಎಂದರು.

ಮೊದಲ ದಿನದಿಂದ ಹೇಳತೊಡಗಿದೆ.